ಮದುವೆಮನೆಯಲ್ಲಿ ನನ್ನ ಕಾದಂಬರಿ

ಮದುವೆಯ ಮಾರನೆಯ ದಿನ, ಮುಯ್ಯಿ ಬಿಚ್ಚುವ ಹೊತ್ತಿನಲ್ಲಿ, ನೀವು ಯಾವುದಾದರೂ ಮನೆಯ ಪಡಸಾಲೆಯಲ್ಲಿ ಕೂತಿದ್ದೀರಾ? ಕೂತಿದ್ದರೆ ನಾನು ಹೇಳಹೊರಟಿರುವುದರಲ್ಲಿ ಅರ್ಧ ನಿಮಗೆ ಆಗಲೇ ಗೊತ್ತು. ಚಾಪೆಯ ಮೇಲೆ ಬಣ್ಣದ ಕಾಗದ ಸುತ್ತಿದ ಪೊಟ್ಟಣಗಳ ರಾಶಿ. ಸುತ್ತ ಅತ್ತೆಯರು, ಚಿಕ್ಕಮ್ಮಂದಿರು, ನಿದ್ದೆಗೆಟ್ಟ ಕಣ್ಣಿನ ಮದುಮಗಳು. ದುಂಡಗಿದ್ದರೆ ಗೋಡೆ ಗಡಿಯಾರ, ಎತ್ತಿದಾಗ ಗಲಗಲ ಎಂದರೆ ಲೆಮನ್ ಸೆಟ್ಟು, ಕೈಗೆ ಭಾರವೆನಿಸಿದರೆ ಸ್ಟೀಲಿನ ಡಬ್ಬಿ ಇಲ್ಲವೇ ಹಾಲಿನ ಕುಕ್ಕರು. ಚಪ್ಪಟೆಯಾದ ಪೊಟ್ಟಣ ಕೈಗೆ ಬಂದಾಗ ಮಾತ್ರ ಯಾರೂ ಕಾಗದ ಹರಿಯುವ ಶ್ರಮ ತೆಗೆದುಕೊಳ್ಳುವುದಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಅದುಮಿ ನೋಡಿ, "ಇದು ಪುಸ್ತಕ ಬಿಡು" ಎಂದು ಗೋಡೆಯ ಕಡೆ ಸರಿಸಿಬಿಡುತ್ತಾರೆ. ಹಾಗೆ ಗೋಡೆಯ ಕಡೆ ಸರಿದ ಪುಸ್ತಕಗಳಲ್ಲಿ ಒಂದಷ್ಟು ನಾನು ಬರೆದವು.

ಬೇಸರಪಟ್ಟು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬೇಸರ ಮುಂದೆ ಬರುತ್ತದೆ, ಅದಕ್ಕೇನೂ ಅವಸರವಿಲ್ಲ. ಆ ಕಾಲದಲ್ಲಿ, ಎಂದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ನಮ್ಮ ದಾವಣಗೆರೆಯಲ್ಲಿ ಮದುವೆಗೆ ಕಾದಂಬರಿ ಕೊಡುವುದು ಮರ್ಯಾದಸ್ಥರ ಪದ್ಧತಿಯಾಗಿತ್ತು. ಮೇಷ್ಟ್ರುಗಳು, ಬ್ಯಾಂಕಿನ ಗುಮಾಸ್ತರು, ಗೆಳತಿಯ ಲಗ್ನಕ್ಕೆ ಗುಂಪುಗೂಡಿ ಹೊರಟ ಕಾಲೇಜು ಹುಡುಗಿಯರು, ಎಲ್ಲರೂ ಒಳಪುಟದಲ್ಲಿ ನವದಂಪತಿಗಳಿಗೆ ಶುಭ ಹಾರೈಸಿ, ಕೆಳಗೆ ತಮ್ಮ ಹೆಸರು ಬರೆದು, ಎರಡು ಮಡಿಕೆ ಕಾಗದ ಸುತ್ತಿ ತರುತ್ತಿದ್ದರು. ನನ್ನ ಪ್ರಕಾಶಕರಂತೂ ವೈಶಾಖಕ್ಕೆ ಮುಂಚೆಯೇ ಮರುಮುದ್ರಣ ಮುಗಿಸಿ ಕೂರುತ್ತಿದ್ದರು. "ಲಗ್ನಸರಾಯಿ ಮೇಡಂ, ಈಗ ಹೋದಷ್ಟು ಮಾಲು ಮತ್ತೆ ಹೋಗಲ್ಲ" ಎನ್ನುತ್ತಿದ್ದರು. ಮಾಲು ಎಂಬ ಮಾತು ಮೊದಮೊದಲು ಚುಚ್ಚಿತು. ಬರಬರುತ್ತಾ ನನಗೂ ಅಭ್ಯಾಸವಾಯಿತು. ಆದರೆ ಒಂದು ವಿಚಿತ್ರ ಮಾತ್ರ ಅಭ್ಯಾಸವಾಗಲೇ ಇಲ್ಲ. ಲಗ್ನದ ಕಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದ ನನ್ನ ಮೂರನೆಯ ಕಾದಂಬರಿ, ಮದುಮಗಳೊಬ್ಬಳು ಮಂಟಪದಲ್ಲೇ ಮದುವೆಯನ್ನು ಒಲ್ಲೆನೆಂದು ಎದ್ದುಹೋಗುವ ಕಥೆಯಾಗಿತ್ತು.

ಅವಳ ಹೆಸರು ಸುಮತಿ. ಗಂಡಿನ ಕಡೆಯವರು ಕೇಳಿದ್ದನ್ನೆಲ್ಲ ಕೊಟ್ಟು ಸೋತ ತಂದೆ; ಓದು ಬಿಡಿಸಿ, ಒಲ್ಲದ ಗಂಡಿಗೆ ಕಟ್ಟಲು ಹೊರಟ ಬಳಗ; ತಾಳಿ ಕೊರಳ ಹತ್ತಿರ ಬಂದ ಗಳಿಗೆಯಲ್ಲಿ ಸುಮತಿ ತಲೆಯೆತ್ತಿ "ಒಲ್ಲೆ" ಎನ್ನುತ್ತಾಳೆ. ಛತ್ರಕ್ಕೆ ಛತ್ರವೇ ಸ್ತಬ್ಧವಾಗುತ್ತದೆ. ಆಮೇಲೆ ಅವಳದು ಒಂದೂವರೆ ಪುಟದ ಮಾತು. ಹೆಣ್ಣು ಸಂತೆಯ ಸರಕಲ್ಲ ಎಂದು ಮೊದಲಾಗುವ ಆ ಮಾತನ್ನು ಒಂದೇ ರಾತ್ರಿಯಲ್ಲಿ, ಒಂದು ಸಾಲೂ ಹೊಡೆದುಹಾಕದೆ ಬರೆದು ಮುಗಿಸಿದ್ದೆ. ಮುಚ್ಚಿಟ್ಟುಕೊಳ್ಳುವುದೇಕೆ, ಕರ್ನಾಟಕದ ಅರ್ಧ ವರದಕ್ಷಿಣೆ ನಾಳೆ ಬೆಳಗಾಗುವುದರೊಳಗೆ ನಿಂತುಹೋಗುತ್ತದೆ ಎಂಬ ಭ್ರಮೆ ನನಗಿತ್ತು. ವಾರಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಬಂದು ಮುಗಿದಾಗ ಓದುಗರ ಪತ್ರಗಳು ಚೀಲ ತುಂಬಿ ಬಂದವು. ಎಲ್ಲರೂ ಅತ್ತಿದ್ದರು. ಎಲ್ಲರೂ ಮೆಚ್ಚಿದ್ದರು. ಮತ್ತು ಬಹಳ ಮಂದಿ, ಮುಂದಿನ ಭಾಗ ಬರೆದು ಪಾಪ ಸುಮತಿಗೆ ಒಂದು ಒಳ್ಳೆಯ ಕಡೆ ಮದುವೆ ಮಾಡಿಸಬೇಕೆಂದು ನನ್ನನ್ನು ಅಂಗಲಾಚಿದ್ದರು.

ಸಾಹಿತ್ಯ ಸಮಾಜಕ್ಕೆ ಹಿಡಿದ ಕನ್ನಡಿ ಎನ್ನುತ್ತಾರಲ್ಲ, ನಾನೂ ಎಷ್ಟೋ ವೇದಿಕೆಗಳ ಮೇಲೆ ಶಾಲು ಹೊದ್ದುಕೊಂಡು ಅದನ್ನೇ ಹೇಳಿದ್ದೇನೆ. ಹೇಳಿ ಇಳಿದು ಬಂದಮೇಲೆ ಒಂದು ದಿನ ಸರಸ್ವತಿ ನಗರದ ನನ್ನ ಮನೆಯಲ್ಲಿ ನಿಜವಾದ ಕನ್ನಡಿಯ ಮುಂದೆ ನಿಂತಾಗ ಹೊಳೆಯಿತು: ಕನ್ನಡಿ ನೋಡಿ ಯಾರೂ ಮುಖ ಬದಲಾಯಿಸಿಕೊಳ್ಳುವುದಿಲ್ಲ, ಬೈತಲೆ ಸರಿಮಾಡಿಕೊಂಡು, ಕುಂಕುಮ ತಿದ್ದಿಕೊಂಡು, ಬಂದ ಮುಖದಲ್ಲೇ ಹೊರಗೆ ಹೋಗುತ್ತಾರೆ. ನನ್ನ ಸುಮತಿಯನ್ನು ಓದಿದವರು ಮಾಡಿದ್ದೂ ಇಷ್ಟೇ. ಹರಕೆ ತೀರಿಸಿದವರ ಹಾಗೆ ಅತ್ತು ಹಗುರಾಗಿ, ಪುಸ್ತಕ ಮಡಚಿ, ತಮ್ಮ ತಮ್ಮ ಮಕ್ಕಳಿಗೆ ಗಂಡು ನೋಡಲು ಹೊರಟರು. ಆ ವರ್ಷ ಹುಟ್ಟಿದ ಹೆಣ್ಣುಕೂಸುಗಳಿಗೆ ಸುಮತಿ ಎಂದು ಹೆಸರಿಟ್ಟ ಮನೆಗಳು ನಮ್ಮೂರಲ್ಲೇ ಎಷ್ಟೋ ಇದ್ದವು. ಹೆಸರು ಹಬ್ಬಿತು, ಹೆಸರಿನವಳು ಮಾಡಿದ್ದು ಹಬ್ಬಲಿಲ್ಲ.

ಇಷ್ಟಾದರೂ ನಾನು ಪೂರ್ತಿ ನಿರಾಶಳಾಗಿರಲಿಲ್ಲ. ಬರೆಯುವವರ ಆಸೆ ಬಹಳ ಚಿವುಟಿದರೂ ಚಿಗುರುವ ಜಾತಿಯದು. ಸಾವಿರ ಜನ ಬೇಡ, ಒಬ್ಬನೇ ಒಬ್ಬ ಓದುಗ, ಒಂದೇ ಒಂದು ಮನೆ, ಅಲ್ಲಿ ಒಂದೇ ಒಂದು ಹುಡುಗಿ. ಅಷ್ಟಾದರೆ ಸಾಕು, ಬರೆದದ್ದು ಸಾರ್ಥಕ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆ ಒಬ್ಬ ಓದುಗ ಯಾರೆಂಬುದೂ ನನಗೆ ಗೊತ್ತಿತ್ತು. ಮಂಡಿಪೇಟೆಯಲ್ಲಿ ದಲ್ಲಾಳಿ ಅಂಗಡಿ ಇಟ್ಟಿದ್ದ ಚನ್ನಬಸಣ್ಣ.

ಚನ್ನಬಸಣ್ಣನಂಥ ಓದುಗನನ್ನು ಪಡೆಯಲು ಪುಣ್ಯ ಮಾಡಿರಬೇಕು. ಜೋಳ, ಮೆಕ್ಕೆಜೋಳ, ಶೇಂಗಾದ ಚೀಲಗಳ ನಡುವೆ ಗಾದಿಯ ಮೇಲೆ ಕೂತು, ವಾರಪತ್ರಿಕೆ ಬಂದ ದಿನ ಬೆಳಗಿನ ವ್ಯಾಪಾರವನ್ನೇ ತಡೆಹಿಡಿದು, ಆ ವಾರದ ಕಂತನ್ನು ಗಟ್ಟಿಯಾಗಿ ಓದುತ್ತಿದ್ದನಂತೆ. ಹಮಾಲರು ಚೀಲಕ್ಕೆ ಬೆನ್ನು ಕೊಟ್ಟು ಕೇಳಬೇಕು. ಹಳ್ಳಿಯಿಂದ ಗಾಡಿ ಹೊಡೆದುಕೊಂಡು ಬಂದ ರೈತ, ಸುಮತಿಗೆ ಈ ವಾರ ಏನಾಯಿತೆಂದು ತಿಳಿಯುವ ತನಕ ತನ್ನ ತೂಕಕ್ಕೆ ಕಾಯಬೇಕು. ಅವನ ಮಗಳು ಶಾರದಾ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು, ನನ್ನ ಕನ್ನಡ ತರಗತಿಯ ಹುಡುಗಿ. ಚರ್ಚಾಕೂಟದ ದಿನ ಅವಳು ಸುಮತಿಯ ಆ ಒಂದೂವರೆ ಪುಟದ ಮಾತನ್ನು ಒಂದಕ್ಷರ ತಪ್ಪದೆ ವೇದಿಕೆಯ ಮೇಲೆ ಹೇಳಿ ಮೊದಲ ಬಹುಮಾನ ಗೆದ್ದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಚನ್ನಬಸಣ್ಣ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೆ. ಅವಳ ದನಿ ಎಂಥದೆನ್ನುತ್ತೀರಿ! ಮೈಕು ಕೈಕೊಟ್ಟಾಗಲೂ ಹಿಂದಿನ ಗೋಡೆಯವರೆಗೆ ಕೇಳಿಸುತ್ತಿತ್ತು.

ಆ ಶಾರದಾ ಮುಂದಿನ ವರ್ಷ, ಕೊನೆಯ ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿರುವಾಗ, ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದಳು. ಕೂತಳು, ನೀರು ಕುಡಿದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹರಿಹರದ ಕಡೆ ಸಂಬಂಧ ಗೊತ್ತು ಮಾಡ್ಯಾರೆ ಮೇಡಂ," ಎಂದಳು. "ನನಗೆ ಬ್ಯಾಡ."

"ಹುಡುಗ ಹೇಗೆ?"

"ಹೆಂಗೆ ಅಂತ ಏನ್ ಹೇಳ್ಲಿ. ನೋಡಾಕೆ ಬಂದಾಗ ನನ್ ಪುಸ್ತಕದ ಗೂಡು ನೋಡಿದ್ರು. 'ಇವೆಲ್ಲ ಇಲ್ಲೇ ಬಿಟ್ಟು ಬರ್ಬೇಕು, ನಮ್ಮನ್ಯಾಗೆ ಓದೋ ಹೆಣ್ಮಕ್ಕಳ ರೂಢಿ ಇಲ್ಲ' ಅಂದ್ರು. ಪರೀಕ್ಷೇನೂ ಬರೆಯಂಗಿಲ್ಲಂತೆ. ಕೊಡೋದು ತಗಳೋದು ಬ್ಯಾರೆ ಐತೆ. ಅಪ್ಪಾಜಿ ಎಲ್ಲದಕ್ಕೂ ಹೂಂ ಅಂದಾರೆ."

"ನಿಮ್ಮ ತಂದೆಗೆ ನೀನು ಹೇಳಲಿಲ್ಲವೇನಮ್ಮ?"

"ನನ್ ಮಾತು ನಡೆಯಂಗಿಲ್ಲ, ಅವ್ವನ ಮಾತೂ ನಡೆಯಂಗಿಲ್ಲ. ನಿಮ್ ಮಾತು ತೆಗೆದುಹಾಕಂಗಿಲ್ಲ ಮೇಡಂ ಅವ್ರು. ಸುಮತಿ ಅಂದ್ರೆ ಅವ್ರಿಗೆ ಜೀವ. ನೀವೊಂದು ಮಾತು ಹೇಳ್ರಿ."

ನನಗೆ ಆಗ ಆದದ್ದು ಸಂತೋಷ ಎಂದರೆ ನಿಮಗೆ ವಿಚಿತ್ರವೆನಿಸಬಹುದು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು, ನನ್ನೊಳಗೆ ಮಾತ್ರ ಏನೋ ಎದ್ದು ನಿಂತಿತ್ತು. ಬರೆದವಳೂ, ಓದಿದವನೂ, ಕಥೆಯೊಳಗಿನಂಥ ಹುಡುಗಿಯೂ ಮೂವರೂ ಒಂದೇ ಊರಿನಲ್ಲಿ ಎದುರುಬದುರಾಗುವುದು ಎಷ್ಟು ಜನ ಕಾದಂಬರಿಕಾರರ ಭಾಗ್ಯಕ್ಕೆ ಬರುತ್ತದೆ? ನಾಳೆಯೇ ಹೋಗುತ್ತೇನೆಂದು ಅವಳಿಗೆ ಮಾತು ಕೊಟ್ಟೆ.

ಮಂಡಿಪೇಟೆಗೆ ಹೆಂಗಸರು ಹೋಗುವುದು ಕಡಮೆ. ಎತ್ತಿನ ಗಾಡಿ, ಲಾರಿ, ಕೈಗಾಡಿಗಳ ನಡುವೆ ಸೆರಗು ಬಿಗಿದುಕೊಂಡು, ಮೆಣಸಿನಕಾಯಿ ಘಾಟಿಗೆ ಸೀನುತ್ತಾ ನಾನು ಅಂಗಡಿ ಮುಟ್ಟಿದಾಗ ಚನ್ನಬಸಣ್ಣ ಗಾದಿಯಿಂದ ದಡಬಡಿಸಿ ಎದ್ದುಬಿಟ್ಟ.

"ಬರ್ರಿ ಮೇಡಮ್ಮಾರೆ, ಬರ್ರಿ, ಕೂಡ್ರಿ! ನಾನೇ ನಿಮ್ಮನಿಗೆ ಬರಾನ ಅಂತಿದ್ದೆ, ನೀವೇ ಬಂದ್ರಿ. ದೇವ್ರು ದೊಡ್ಡೋನು."

ಚಹಾ ಬಂತು, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ, ಖಾರ ಮಂಡಕ್ಕಿ. ನಾನು ಬಾಯಿ ತೆರೆಯುವ ಮೊದಲೇ ಅವನು ತನ್ನ ಸುದ್ದಿ ಹೇಳತೊಡಗಿದ. ಮಗಳ ಲಗ್ನ ಗೊತ್ತಾಗಿದೆ. ಬಂದ ಬೀಗರಿಗೆ, ನೆಂಟರಿಗೆ, ಪೇಟೆಯವರಿಗೆ ಏನು ಕೊಡಬೇಕೆಂದು ವಾರಗಟ್ಟಲೆ ಯೋಚನೆ ಮಾಡಿದ್ದಾನೆ. ಕೊನೆಗೆ ದೇವರೇ ಬುದ್ಧಿ ಕೊಟ್ಟಿದ್ದಾನೆ.

"ತಾಂಬೂಲದ ಚೀಲದಾಗೆ ನಿಮ್ ಪುಸ್ತಕ ಹಾಕ್ತೀನ್ರಿ, ಒಬ್ಬೊಬ್ರಿಗೂ ಒಂದೊಂದು. ಮದಲ್ನೆ ಹಾಳ್ಯಾಗೆ ಗಂಡು ಹೆಣ್ಣಿನ ಹೆಸರು ಅಚ್ಚು ಹಾಕ್ಸಿ. ತೆಂಗಿನಕಾಯಿ ಎಲ್ರೂ ಕೊಡ್ತಾರೆ ಮೇಡಮ್ಮಾರೆ, ಬುದ್ಧಿ ಯಾರ್ ಕೊಡ್ತಾರೆ ಹೇಳ್ರಿ?"

ಯಾವ ಪುಸ್ತಕ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಗಾದಿಯ ಮೇಲೆ ಅವನ ತೊಡೆಯ ಪಕ್ಕದಲ್ಲೇ ಅದು ಇತ್ತು. ನಾನು ಬಜ್ಜಿಯ ತೊಟ್ಟನ್ನು ತಿರುಗಿಸುತ್ತಾ ಕೂತೆ. ಅವನು ವ್ಯಂಗ್ಯಕ್ಕೆ ಹೇಳುತ್ತಿರಲಿಲ್ಲ, ಆಷಾಢಭೂತಿಯೂ ಅಲ್ಲ. ಮಗಳ ಮದುವೆಯೆಂಬ ದೊಡ್ಡ ಕಾರ್ಯಕ್ಕೆ ತನಗೆ ಗೊತ್ತಿರುವ ಅತ್ಯಂತ ಪವಿತ್ರವಾದ ವಸ್ತುವನ್ನು ತರುತ್ತಿದ್ದ, ಅಷ್ಟೆ. ಅದರೊಳಗೆ ಬರೆದದ್ದಕ್ಕೂ ಮಂಟಪದಲ್ಲಿ ನಡೆಯಲಿರುವುದಕ್ಕೂ ನಂಟಿದೆ ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ. ಭಗವದ್ಗೀತೆಯನ್ನು ಪೂಜಿಸುವವರೆಲ್ಲ ಬಿಲ್ಲು ಹಿಡಿದು ಹೊರಡುತ್ತಾರೆಯೆ?

"ಚನ್ನಬಸಣ್ಣನವರೆ," ಎಂದೆ, "ಆ ಪುಸ್ತಕದಲ್ಲಿ ಏನು ಬರೆದಿದೆ ನಿಮಗೆ ಗೊತ್ತಲ್ಲ?"

"ಗೊತ್ತಿಲ್ಲೇನ್ರಿ! ಬಾಯಿಪಾಠ ಐತೆ."

"ಹಾಗಾದರೆ ಕೇಳಿ. ನಿಮ್ಮ ಶಾರದಾಗೆ ಈ ಸಂಬಂಧ ಬೇಡವಂತೆ. ಅವಳು ಓದು ಮುಗಿಸಬೇಕಂತೆ. ಬೇಡವೆಂದ ಕಡೆ ಕೊಡಬೇಡಿ ಅಂತ ಕೇಳಿಕೊಳ್ಳಲು ಬಂದಿದ್ದೇನೆ."

ಅವನು ಪಕ್ಕದಲ್ಲಿದ್ದ ಪುಸ್ತಕವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಹೊರಗೆ ತೂಕದವನು ಕೂಗಿ ಹೇಳುತ್ತಿದ್ದ ಲೆಕ್ಕ ಕೇಳಿಸುತ್ತಿತ್ತು. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು, ಚರ್ಚಾಕೂಟದ ದಿನ ಬಂದದ್ದೇ.

"ಅಕಿ ನನ್ ಮುಂದೂ ಅಂದ್ಲ್ರಿ," ಎಂದ ಮೆಲ್ಲಗೆ. "ನನಗೇನ್ ಕಲ್ಲೆದೆ ಅಂತ ತಿಳಿದ್ರೇನು? ಆದ್ರೆ ಒಂದ್ ಮಾತು ಕೇಳ್ತೀನಿ, ಸಿಟ್ಟಾಗ್ಬ್ಯಾಡ್ರಿ. ಸುಮತಿ ಮಂಟಪ ಇಳಿದು ಹೋದ್ಲು. ಮರುದಿನ ಅಕಿಗೆ ಸಾಲಿ ಟೀಚರ್ ಕೆಲಸ ಕೊಡಿಸಿದ್ರಿ ನೀವು. ಇರಾಕೆ ಒಂದು ಮನೆ, ಪಕ್ಕದಾಗೆ ಅವ್ವನಂಥ ಒಬ್ಬ ಮುದುಕಿ. 'ಮುಗಿಯಿತು' ಅಂತ ಬರದು ಪೆನ್ನು ಮುಚ್ಚಿದ್ರಿ. ನಮ್ದು ಅಲ್ಲಿಂದಾನೇ ಸುರು ಆಗೋದು. ನಮ್ ಹುಡುಗಿಗೆ ಮರುದಿನ ಏನೈತೆ? ಅಕಿ ಬೆನ್ನಿಗೆ ಇನ್ನೊಬ್ಬಾಕಿ ಅದಾಳೆ, ಅಕಿನ ಯಾರು ಕೇಳ್ತಾರೆ?"

"ನಮ್ಮ ಮನೆಯಲ್ಲಿ ಇರಲಿ," ಎಂದೆ. "ಓದು ಮುಗಿಯುವ ತನಕ ಇರಲಿ, ಕೆಲಸ ಸಿಗುವ ತನಕ ಇರಲಿ. ನಾನು ನೋಡಿಕೊಳ್ಳುತ್ತೇನೆ."

"ದೊಡ್ ಮಾತು. ನಿಮ್ಮಂಥೋರೇ ಅನ್ನಬೇಕು." ಕೈಮುಗಿದ. "ಆದ್ರೆ ವೀಳ್ಯ ಆಗೈತ್ರಿ. ಹತ್ತು ಮಂದಿ ಮುಂದೆ ಎಲೆ ಅಡಿಕೆ ಬದಲಾಯ್ಸೀವಿ. ಪ್ಯಾಟ್ಯಾಗೆ ನನ್ ಬಾಯಿಮಾತಿನ ಮ್ಯಾಲೇ ಯಾಪಾರ ನಡೆಯೋದು. ನೀವು ಬರದಿದ್ದು ಖರೆ ಮೇಡಮ್ಮಾರೆ. ಅಂಥಾ ಕಾಲ ನಮಗಿನ್ನ ಬಂದಿಲ್ಲ."

ಅಲ್ಲಿಂದ ಎದ್ದು ಬಂದವಳು ಮನೆ ಸೇರುವ ತನಕ ಅವನೊಡನೆ ಮನಸ್ಸಿನಲ್ಲೇ ವಾದ ಮಾಡಿದೆ. ಸೋಲನ್ನು ಒಪ್ಪಿಕೊಳ್ಳಲು ಲೇಖಕರಿಗೆ ತಡವಾಗುತ್ತದೆ. ಎದುರಾಳಿಯ ಪಾತ್ರವನ್ನು ನಾವೇ ಬರೆದು ಅಭ್ಯಾಸ ನೋಡಿ. ಯೋಚಿಸಿ: ಕಾದಂಬರಿಯಲ್ಲಿ ನಾನು ಹೇಳಿದಾಗ ಮಳೆ ಬರುತ್ತದೆ, ನಾನು ಬೇಕೆಂದಾಗ ಕೆಲಸದ ಆರ್ಡರು ಅಂಚೆಯಲ್ಲಿ ಬಂದು ಬೀಳುತ್ತದೆ, ಬೀದಿಯವರು ಆಡಿಕೊಳ್ಳುವ ಮಾತು ನನಗೆ ಬೇಡವಾದರೆ ಯಾರೂ ಆಡಿಕೊಳ್ಳುವುದಿಲ್ಲ. ಓದುಗ ನಾನು ಕಟ್ಟಿದ ಈ ಊರಿನಲ್ಲಿ ಒಂದು ವಾರ ಇದ್ದು, ಚೆನ್ನಾಗಿ ಅತ್ತು, ತನ್ನ ಊರಿಗೆ ಮರಳುತ್ತಾನೆ. ಅಲ್ಲಿ ಅಂಚೆಯವನು ಬೇರೆ, ಬೀದಿಯವರು ಬೇರೆ. ನಾವು ಜಾಗೃತಿ ಎಂದು ಕರೆಯುವುದು ಆ ವಾರದ ತೀರ್ಥಯಾತ್ರೆಯನ್ನೇ ಇರಬೇಕು ಎಂದು ಆ ದಿನ ಮೊದಲ ಬಾರಿಗೆ ಅನ್ನಿಸಿತು.

ಶಾರದಾಗೆ ನಡೆದದ್ದನ್ನು ಹೇಳಿದೆ. ಅವಳು ಅಳಲಿಲ್ಲ. ಕಾಲೇಜಿನ ಬೇವಿನಮರದ ಕಟ್ಟೆಯ ಮೇಲೆ ಕೂತು, ಪಾಠದಲ್ಲಿ ತಿಳಿಯದ ಒಂದು ಅಂಶವನ್ನು ಕೇಳುವವಳ ಹಾಗೆ ಕೇಳಿದಳು:

"ಸುಮತಿ ಮಂಟಪದಾಗೇ ಯಾಕ ಹೇಳಿದ್ಲು ಮೇಡಂ? ಮನ್ಯಾಗೇ ಹೇಳಬೋದಿತ್ತಲ್ಲ."

ನಾನೂ ಪಾಠ ಹೇಳುವವಳ ಹಾಗೆಯೇ ಉತ್ತರಿಸಿದೆ. ಮನೆಯಲ್ಲಿ ಆಡಿದ ಮಾತನ್ನು ಮನೆಯವರು ಮುಚ್ಚಿಹಾಕಬಹುದು. ಊರಿನವರೆಲ್ಲ ಸೇರಿದಾಗ ಆಡಿದ ಮಾತನ್ನು ಮುಚ್ಚಿಹಾಕಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಆ ಗಳಿಗೆಯನ್ನು ಆರಿಸಿದೆ ಎಂದೆ. ಅವಳು ತಲೆಯಾಡಿಸಿದಳು. ಆ ಮೇಲೆ ಅವಳು ತರಗತಿಗೆ ಬರಲಿಲ್ಲ.

ಮದುವೆ ದಾವಣಗೆರೆಯಲ್ಲೇ ಆಯಿತು, ಒಂದು ದೊಡ್ಡ ಛತ್ರದಲ್ಲಿ, ಬೆಳಗಿನ ಮುಹೂರ್ತಕ್ಕೆ. ಹೋಗಬಾರದೆಂದುಕೊಂಡಿದ್ದೆ, ಆದರೆ ಚನ್ನಬಸಣ್ಣ ತಾನೇ ಬಂದು ಕುಂಕುಮ ಕೊಟ್ಟು ಕರೆದಿದ್ದ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದ. ಬಾಗಿಲಲ್ಲಿ ಹಸಿರು ಹಳದಿ ತಾಂಬೂಲದ ಚೀಲಗಳ ಸಾಲು. ಒಂದೊಂದರಲ್ಲೂ ಒಂದು ತೆಂಗಿನಕಾಯಿ, ಎಲೆ ಅಡಿಕೆ, ಒಬ್ಬಳು ಸುಮತಿ. ಗಂಡಿನ ಕಡೆಯ ಹಿರಿಯರೊಬ್ಬರು ಪುಸ್ತಕವನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಯಾರೋ ಪರಿಚಯ ಮಾಡಿಸಿದಾಗ ಗೌರವದಿಂದ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿ, "ಭಾಳ ಚೊಲೋ ಬರದೀರಂತೆ, ನಮ್ಮ ಮನೆಯಾಕಿ ಓದ್ಯಾಳೆ" ಎಂದರು.

ಶಾರದಾ ತಲೆತಗ್ಗಿಸಿ ಕೂತಿದ್ದಳು. ಬಾಸಿಂಗದ ಮುತ್ತಿನ ಎಳೆಗಳು ಮುಖವನ್ನು ಅರ್ಧ ಮರೆಮಾಡಿದ್ದವು. ಮದುವೆ ಮಾಡಿಸುತ್ತಿದ್ದ ಅಯ್ಯನವರು ತಾಳಿಯ ತಟ್ಟೆಯನ್ನು ಎಲ್ಲರಿಗೂ ಮುಟ್ಟಿಸಿ ತರಿಸಿದರು, ನಾನೂ ಮುಟ್ಟಿ ಕಳಿಸಿದೆ. ಅಕ್ಷತೆ ಕೈಗೆ ಬಂತು. ಗಂಡು ಎದ್ದು ನಿಂತು ತಾಳಿ ಹಿಡಿದು ಬಾಗಿದ. ಅಷ್ಟರಲ್ಲಿ ಅಯ್ಯನವರು ಕೈಯೆತ್ತಿ ಕೂಗಿದರು: "ಗಟ್ಟಿಮೇಳ, ಗಟ್ಟಿಮೇಳ!"

ಗಟ್ಟಿಮೇಳವೆಂದರೇನೆಂದು ನಿಮಗೆ ಹೇಳಬೇಕಾಗಿಲ್ಲ. ಆ ಪವಿತ್ರ ಗಳಿಗೆಯಲ್ಲಿ ಸೀನು, ಕೆಮ್ಮು, ಅಳು, ಜಗಳ, ಯಾವ ಅಪಶಕುನದ ದನಿಯೂ ಯಾರ ಕಿವಿಗೂ ಬೀಳಬಾರದು. ಅದಕ್ಕಾಗಿ ನಮ್ಮ ಹಿರಿಯರು ಮಾಡಿಟ್ಟ ಏರ್ಪಾಡು. ಡೋಲು, ವಾಲಗ, ಹೊರಗೆ ಬ್ಯಾಂಡಿನವರ ಹಿತ್ತಾಳೆ ಕಹಳೆಗಳು, ಎಲ್ಲ ಒಂದೇ ಉಸಿರಿಗೆ ಸಿಡಿದು ಛತ್ರದ ತಗಡು ಛಾವಣಿ ನಡುಗಿತು. ಪಕ್ಕದ ಕುರ್ಚಿಯ ಹೆಂಗಸು ನನ್ನ ಕಿವಿಯ ಹತ್ತಿರವೇ ಏನೋ ಹೇಳಿದರು, ಒಂದಕ್ಷರವೂ ಕೇಳಿಸಲಿಲ್ಲ. ಆಗ ನನಗೆ ತಟ್ಟನೆ ನೆನಪಾಯಿತು: ನನ್ನ ಕಾದಂಬರಿಯ ಆ ಪುಟದಲ್ಲಿ ಗಟ್ಟಿಮೇಳವೇ ಇಲ್ಲ. ಸುಮತಿಯ ಮಾತು ಎಲ್ಲರಿಗೂ ಕೇಳಿಸಬೇಕಾಗಿತ್ತು, ಆದ್ದರಿಂದ ನಾನು ಛತ್ರವನ್ನು ಸ್ತಬ್ಧವಾಗಿಸಿದ್ದೆ. ವಾಲಗದವರು ಆ ಪುಟದಲ್ಲಿ ಎಲ್ಲಿ ಹೋಗಿದ್ದರೋ ನನಗೇ ಗೊತ್ತಿಲ್ಲ. ಹುಟ್ಟಿದಂದಿನಿಂದ ಮದುವೆಗಳನ್ನು ಉಂಡು ಬಂದ ನನ್ನ ಓದುಗರಲ್ಲಿ ಒಬ್ಬರಾದರೂ ಅದನ್ನು ಕೇಳಿರಲಿಲ್ಲ. ಅಚ್ಚಿನ ತಪ್ಪು ಕಂಡಾಗ ಆಗುವಂಥ ಸಣ್ಣ ಕಸಿವಿಸಿಯಾಯಿತು, ಮುಂದಿನ ಮುದ್ರಣದಲ್ಲಿ ಏನು ಮಾಡುವುದೆಂದು ಅಲ್ಲೇ ಯೋಚಿಸತೊಡಗಿದ್ದೆ ಕೂಡ.

ಬಾಸಿಂಗದ ಎಳೆಗಳ ಹಿಂದೆ ಶಾರದಾಳ ತುಟಿಗಳು ಅಲುಗಿದ್ದು ಕಂಡಿತು. ದೇವರ ಹೆಸರು ಹೇಳಿಕೊಳ್ಳುತ್ತಿದ್ದಾಳೆ, ಪಾಪ, ಎಂದುಕೊಂಡೆ. ನಾಲ್ಕೂ ಕಡೆಯಿಂದ ಅಕ್ಷತೆ ಬಿತ್ತು. ನಾನೂ ಹಾಕಿದೆ.

ಆಮೇಲೆ ನಾನು ಬರೆಯುವುದನ್ನು ಬಿಟ್ಟೆನೇ ಎಂದು ನೀವು ಕೇಳಬಹುದು. ಬಿಡಲಿಲ್ಲ. ಕುಂಬಾರನಿಗೆ ಮಡಕೆ ಮಾಡುವುದು ಹೇಗೋ ನನಗೆ ಇದೂ ಹಾಗೆ, ಬೇರೆ ಕೆಲಸ ಬರುವುದಿಲ್ಲ. ಆದರೆ ಒಂದು ಸಾಲೂ ಹೊಡೆದುಹಾಕದೆ ಬರೆದ ಅಂಥ ರಾತ್ರಿ ಮತ್ತೆ ಬರಲಿಲ್ಲ. ಒಂದು ಹೆಣ್ಣಿನ ದುಃಖವನ್ನು ಅಂದವಾಗಿ ಬರೆದಷ್ಟೂ ಅದು ಓದುವವರ ಬಾಯಿಗೆ ರುಚಿಸುತ್ತದೆ. ರುಚಿಸಿದ್ದನ್ನು ಇನ್ನೊಮ್ಮೆ ಬಡಿಸು ಎನ್ನುತ್ತಾರೆಯೇ ಹೊರತು ಅಡಿಗೆಮನೆಯಲ್ಲಿ ಯಾರು ಸುಟ್ಟುಕೊಂಡರೆಂದು ಕೇಳುವುದಿಲ್ಲ. ಒರಟಾಗಿ ಬರೆದರೆ ಯಾರೂ ಓದುವುದಿಲ್ಲ. ಈ ಎರಡರ ನಡುವೆ ಮೂರನೆಯ ದಾರಿಯೊಂದು ಇದೆಯೆಂದು ಹಿರಿಯ ವಿಮರ್ಶಕರು ಬರೆಯುತ್ತಾರೆ. ನಾನು ಹುಡುಕಿದೆ, ನನಗೆ ಸಿಗಲಿಲ್ಲ. ಸಭೆಗಳಿಗೆ ಕರೆಯುವುದು ಮಾತ್ರ ನಿಲ್ಲಲಿಲ್ಲ. ಸಾಹಿತ್ಯ ಮತ್ತು ಸಾಮಾಜಿಕ ಪ್ರಜ್ಞೆ ಎಂಬ ವಿಷಯಕ್ಕೆ ನಮ್ಮ ಭಾಗದಲ್ಲಿ ನಾನೇ ಖಾಯಂ ಭಾಷಣಕಾರ್ತಿಯಾಗಿದ್ದೆ. ಸುಮತಿಯ ಕಥೆ ಹೇಳಿ, ಹೆಣ್ಣುಮಕ್ಕಳು ಬಾಯಿ ತೆರೆಯಬೇಕು ಎಂದು ಮುಗಿಸಿದರೆ ಚಪ್ಪಾಳೆ ಬಂದೇ ಬರುತ್ತಿತ್ತು.

ಹಾಗೆ ಒಂದು ಸಭೆಗೆ ಹರಿಹರಕ್ಕೆ ಹೋಗಿದ್ದೆ. ಎಂಬತ್ತರ ದಶಕ ಆಗಲೇ ಶುರುವಾಗಿತ್ತು. ಭಾಷಣ ಮುಗಿಸಿ, ಹಣ್ಣಿನ ಬುಟ್ಟಿ ಹಿಡಿದು, ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ಹೊಳೆಯ ಕಡೆಯ ರಸ್ತೆಯಿಂದ ಸೊಪ್ಪಿನ ಚೀಲ ಹಿಡಿದ ಹೆಣ್ಣುಮಗಳೊಬ್ಬಳು ಬಂದು ಎದುರಿಗೆ ನಿಂತಳು. ಗುರುತು ಹಿಡಿಯಲು ನನಗೆ ತುಸು ಹೊತ್ತು ಬೇಕಾಯಿತು. ಮುಖ ಬದಲಾಗಿತ್ತು ಅಂತಲ್ಲ, ದನಿ ಬದಲಾಗಿತ್ತು. ಹಿಂದಿನ ಗೋಡೆಗೆ ಮುಟ್ಟುತ್ತಿದ್ದ ಆ ದನಿ ಈಗ ನಾನು ಬಗ್ಗಿದರೆ ಮಾತ್ರ ಕೇಳಿಸುತ್ತಿತ್ತು.

"ನಿಮ್ ಭಾಷಣ ಕೇಳ್ದೆ ಮೇಡಂ," ಎಂದಳು ಶಾರದಾ. "ಬರಾಕೆ ಆಗ್ಲಿಲ್ಲ. ಮೈಕು ನಮ್ಮನಿ ಅಡುಗೆಕೋಣೆ ತನ ಕೇಳಿಸ್ತೈತೆ."

ಹೇಗಿದ್ದೀಯಮ್ಮ ಎಂದೆ. ಚೆನ್ನಾಗಿದೀನಿ ಎಂದಳು. ಏನಾದರೂ ಓದುತ್ತೀಯಾ ಎಂದೆ. ಅದಕ್ಕೆ ಉತ್ತರ ಹೇಳದೆ ಸೊಪ್ಪಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. ತಂದೆ ಈಗಲೂ ಅಂಗಡಿಯಲ್ಲಿ ಗಟ್ಟಿಯಾಗಿ ಧಾರಾವಾಹಿ ಓದುತ್ತಾರಂತೆ, ತಂಗಿಗೆ ಗಂಡು ನೋಡುತ್ತಿದ್ದಾರಂತೆ. ದಾವಣಗೆರೆಯ ಬಸ್ಸು ದೂರದಲ್ಲಿ ತಿರುಗಿದ್ದು ಕಂಡಿತು. ಆಗ ಅವಳು, ಇಷ್ಟು ವರ್ಷ ಹೇಳಬೇಕೆಂದು ಇಟ್ಟುಕೊಂಡದ್ದನ್ನು ಹೇಳುವವಳ ಹಾಗೆ, ಒಂದು ಹೆಜ್ಜೆ ಹತ್ತಿರ ಬಂದಳು.

"ಬಾಯಿ ತೆರೀಬೇಕು ಅಂದ್ರಲ್ಲ ಮೇಡಂ ಭಾಷಣದಾಗೆ. ನಾನ್ ತೆರೆದೆ. ನೀವು ಹೇಳಿದ್ರಲ್ಲ, ಮಂಟಪದಾಗೆ ಹೇಳಿದ್ರೆ ಯಾರೂ ಮುಚ್ಚಿಹಾಕಾಕೆ ಆಗಲ್ಲ ಅಂತ. ಅದಕ್ಕೇ ಅಲ್ಲೀತನಕ ಸುಮ್ಕಿದ್ದೆ. ತಾಳಿ ತಂದಾಗ ತಲೆ ಎತ್ತಿ ಒಲ್ಲೆ ಅಂದೆ. ಮತ್ತೊಮ್ಮೆ ಅಂದೆ."

ನನ್ನ ಕೈಯಲ್ಲಿದ್ದ ಬುಟ್ಟಿಯನ್ನು ನೆಲದ ಮೇಲಿಟ್ಟೆ. ಅವಳ ತುಟಿ ಅಲುಗಿದ್ದನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದವಳು ನಾನು. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲಮ್ಮ, ಪಕ್ಕದಲ್ಲಿದ್ದವರ ಮಾತೇ ನನಗೆ ಕೇಳಿಸುತ್ತಿರಲಿಲ್ಲ, ಯಾರಿಗೂ ಕೇಳಿಸಲು ಸಾಧ್ಯವಿರಲಿಲ್ಲ ಎಂದು ತೊದಲಿದೆ.

ಶಾರದಾ ನನ್ನನ್ನು ಸಮಾಧಾನ ಮಾಡುವವಳ ಹಾಗೆ ನೋಡಿದಳು.

"ಅವ್ರಿಗೆ ಕೇಳಿಸ್ತು ಮೇಡಂ. ಕಿವಿ ಹತ್ರಾನೇ ಬಗ್ಗಿದ್ರಲ್ಲ. ಒಂದ್ ಸಲ ನನ್ ಮುಖ ನೋಡಿದ್ರು. ಆಮ್ಯಾಲೆ ಗಂಟು ಹಾಕಿದ್ರು."